ರಕ್ತದ ಕ್ಯಾನ್ಸರ್ ಗೆದ್ದ ಮಗು ಎತ್ತರಕ್ಕೆ ಬೆಳೆಯದೇಕೆ?

ಶಾಲೆಯ ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಎತ್ತರಕ್ಕೆ ತಕ್ಕಂತೆ ನಿಲ್ಲಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಕುಳ್ಳರು ಮುಂದೆ, ಎತ್ತರದವರು ಹಿಂದೆ. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆದಾಗ ಸಾಲು ಅದಲುಬದಲಾಗುತ್ತದೆ. ರಜೆಯಲ್ಲಿ ಎರಡು ಬೆರಳು ಬೆಳೆದು ಬಂದವನು ಹಿಂದಕ್ಕೆ ಸರಿಯುತ್ತಾನೆ. ಹೊಸದಾಗಿ ಸೇರಿದವನು ಮುಂದೆ ಬರುತ್ತಾನೆ. ಆದರೆ ಯಾವುದೋ ಒಂದು ಶಾಲೆಯಲ್ಲಿ ಒಬ್ಬ ಹುಡುಗ ಮಾತ್ರ ಮೂರನೇ ತರಗತಿಯಿಂದ ಏಳನೇ ತರಗತಿಯವರೆಗೂ ಅದೇ ಮೊದಲ ಜಾಗದಲ್ಲಿ ನಿಂತಿರುತ್ತಾನೆ. ಅವನಿಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಅವನನ್ನು ಮೀರಿ ಬೆಳೆದಿರುತ್ತಾನೆ.

ಆ ಹುಡುಗನಿಗೆ ನಾಲ್ಕನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದಿತ್ತು ಎಂಬುದು ಮನೆಯವರಿಗಷ್ಟೇ ಗೊತ್ತಿರುತ್ತದೆ. ಎರಡು ಮೂರು ವರ್ಷ ಆಸ್ಪತ್ರೆಗೆ ಅಲೆದು, ಚುಚ್ಚುಮದ್ದು, ಮಾತ್ರೆಗಳ ಜೊತೆಗೆ ತಲೆಗೆ 'ಕರೆಂಟ್' ಕೊಡಿಸಿ, ಮಗುವನ್ನು ಉಳಿಸಿಕೊಂಡಿರುತ್ತಾರೆ. 'ಜೀವ ಉಳಿದದ್ದೇ ದೊಡ್ಡದು, ಎತ್ತರದ ಮಾತು ಯಾಕೆ' ಎಂದು ಅವರು ಸುಮ್ಮನಾಗುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವಲ್ಲ. ಜೀವ ಉಳಿಸಿದ ಅದೇ ವಿಕಿರಣ ಚಿಕಿತ್ಸೆ ಕೆಲವು ವರ್ಷಗಳ ನಂತರ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಸಕಾಲದಲ್ಲಿ ಗಮನಿಸಿದರೆ ಅದಕ್ಕೆ ಪರಿಹಾರವೂ ಇದೆ ಎಂಬುದು ವೈದ್ಯಲೋಕಕ್ಕೆ ಸುಮಾರು 50 ವರ್ಷಗಳಿಂದ ತಿಳಿದ ವಿಷಯ. ಇದನ್ನು ಅರಿಯಬೇಕಾದರೆ ಒಂದು ಕಾಯಿಲೆಯ, ಅದರ ಮದ್ದಿನ ಹಾಗೂ ಆ ಮದ್ದಿಗೆ ತೆತ್ತ ಬೆಲೆಯ ಚರಿತ್ರೆಯನ್ನು ನೋಡಬೇಕು.

ಒಂದು ವಿಟಮಿನ್‌ನ ಕಥೆ

ಮಕ್ಕಳಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾನ್ಸರ್‌ನದೇ ಮೊದಲ ಸ್ಥಾನ. ಅದರಲ್ಲೂ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಬಗೆ ಹೆಚ್ಚು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳು ಬಲಿಯುವ ಮೊದಲೇ ಲೆಕ್ಕವಿಲ್ಲದಂತೆ ಹೆಚ್ಚುವುದು ಈ ಕಾಯಿಲೆಯ ಸ್ವರೂಪ. ಕೆಂಪು ಕಣಗಳಿಗೆ ಜಾಗವಿಲ್ಲದೆ ಮಗು ಬಿಳಿಚಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿ ಮೈಮೇಲೆ ನೀಲಿ ಕಲೆಗಳು ಏಳುತ್ತವೆ. ಬಿಟ್ಟು ಬಿಟ್ಟು ಜ್ವರ ಬರುತ್ತದೆ. 1940ರ ದಶಕದವರೆಗೆ ಈ ಕಾಯಿಲೆ ಬಂದ ಮಗು ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಸಾಯುತ್ತಿತ್ತು.

ಇದಕ್ಕೆ ಮೊದಲ ಮದ್ದು ದೊರೆತ ದಾರಿಯಲ್ಲಿ ಭಾರತಕ್ಕೂ ಒಂದು ಪಾಲಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟ್‌ನ ಸಾರ ಕೊಟ್ಟರೆ ಅವರು ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ನಂತರ ಫೋಲಿಕ್ ಆಮ್ಲ ಎಂದು ಹೆಸರಾದ ವಿಟಮಿನ್. ಹೊಸ ರಕ್ತಕಣಗಳು ಹುಟ್ಟಲು ಅದು ಬೇಕೇ ಬೇಕು.

ಈ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1923ರಲ್ಲಿ ಅಮೆರಿಕಕ್ಕೆ ಹೋದ ಅವರು ಹಾರ್ವರ್ಡ್‌ನಲ್ಲಿ ದುಡಿದು, ಮುಂದೆ ಲೆಡರ್ಲಿ ಔಷಧ ಕಂಪೆನಿಯ ಸಂಶೋಧನಾ ವಿಭಾಗ ಸೇರಿದರು. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಅವರಿಗೆ ಒಂದು ವಿಷಯ ಹೊಳೆಯಿತು. ಫೋಲಿಕ್ ಆಮ್ಲದ ಬಗೆಗಳನ್ನು ಕೊಟ್ಟಾಗ ಲ್ಯುಕೇಮಿಯಾ ಇನ್ನಷ್ಟು ಉಲ್ಬಣಿಸುತ್ತದೆ. ಹಾಗಾದರೆ ಅದರ ಕೆಲಸಕ್ಕೆ ತಡೆ ಒಡ್ಡುವ ವಸ್ತುವನ್ನು ಕೊಟ್ಟರೆ? ಅಂಥ ವಸ್ತುವಾದ ಅಮಿನೋಪ್ಟೆರಿನ್ ಸುಬ್ಬರಾವ್ ಅವರ ಪ್ರಯೋಗಾಲಯದಿಂದ ಬಂತು. 1948ರ ಜೂನ್‌ನಲ್ಲಿ ಫಾರ್ಬರ್ ತಮ್ಮ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಂದಿಗೆ ಕಾಯಿಲೆ ತಾತ್ಕಾಲಿಕವಾಗಿ ಇಳಿದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅವರಿಗೆ ಆಗ 53 ವರ್ಷ.

'ತಾತ್ಕಾಲಿಕ' ಎಂಬ ಪದವೇ ಇಲ್ಲಿ ಮುಖ್ಯ. ಇಳಿದ ಕಾಯಿಲೆ ಕೆಲವು ತಿಂಗಳಲ್ಲಿ ಮರಳುತ್ತಿತ್ತು. ಮುಂದಿನ ಹದಿನೈದು ವರ್ಷಗಳಲ್ಲಿ ಮೆಥೋಟ್ರೆಕ್ಸೇಟ್, ಮರ್ಕ್ಯಾಪ್ಟೊಪ್ಯೂರಿನ್, ಪ್ರೆಡ್ನಿಸೋನ್, ವಿನ್‌ಕ್ರಿಸ್ಟೀನ್ ಮುಂತಾದ ಮದ್ದುಗಳು ಒಂದೊಂದಾಗಿ ಬಂದವು. ಆದರೂ 1962ರಲ್ಲಿ ಈ ಕಾಯಿಲೆಯ ನೂರು ಮಕ್ಕಳಲ್ಲಿ ಬದುಕುಳಿಯುತ್ತಿದ್ದವರು ಸುಮಾರು ನಾಲ್ವರು ಮಾತ್ರ.

ಮಿದುಳಿನಲ್ಲಿ ಅಡಗಿದ ಶತ್ರು

ಆ ವರ್ಷ ಅಮೆರಿಕದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ಆರಂಭವಾಯಿತು. ಡ್ಯಾನಿ ಥಾಮಸ್ ಎಂಬ ಹಾಸ್ಯನಟ ದೇಣಿಗೆ ಕೂಡಿಸಿ ಕಟ್ಟಿಸಿದ ಆಸ್ಪತ್ರೆ ಇದು. ಅದರ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಸ್ವತಃ ಪೋಲಿಯೋಗೆ ತುತ್ತಾಗಿ ಚೇತರಿಸಿಕೊಂಡವರು. ಈ ಮಕ್ಕಳ ಆಯುಸ್ಸನ್ನು ಕೆಲವು ತಿಂಗಳು ಹೆಚ್ಚಿಸುವುದಲ್ಲ, ಅವರನ್ನು ಪೂರ್ತಿ ಗುಣಪಡಿಸುವುದೇ ಗುರಿಯಾಗಬೇಕು ಎಂದು ಅವರು ಹಟ ಹಿಡಿದರು. ಆಗಿನ ಅನೇಕ ವೈದ್ಯರಿಗೆ ಅದು ಅತಿಯಾಸೆಯಾಗಿ ಕಂಡಿತ್ತು.

ಕಾಯಿಲೆ ಮರಳುತ್ತಿದ್ದುದಾದರೂ ಎಲ್ಲಿಂದ? ರಕ್ತ ಪರೀಕ್ಷೆಯಲ್ಲಿ ಕ್ಯಾನ್ಸರ್‌ನ ಸುಳಿವಿಲ್ಲ, ಮಜ್ಜೆ ಶುದ್ಧ. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸ್ವಲ್ಪ ಕಾಲದಲ್ಲೇ ತಲೆನೋವು, ವಾಂತಿ ಶುರುವಾಗುತ್ತಿತ್ತು. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿದ ಪೊರೆಗಳಲ್ಲಿ ಕ್ಯಾನ್ಸರ್ ಕಣಗಳು ಅಡಗಿರುತ್ತಿದ್ದವು. ರಕ್ತದಲ್ಲಿರುವ ಕಂಡಕಂಡ ವಸ್ತುಗಳು ಮಿದುಳಿಗೆ ನುಗ್ಗದಂತೆ ಪ್ರಕೃತಿಯೇ ಒಂದು ತಡೆಗೋಡೆ ಕಟ್ಟಿದೆ. ವಿಷವನ್ನು ತಡೆಯುವ ಆ ಗೋಡೆ ಮದ್ದನ್ನೂ ತಡೆಯುತ್ತದೆ. ಮೈಯೆಲ್ಲ ಮದ್ದು ಹರಿದಾಡುತ್ತಿದ್ದರೂ ತಲೆಯೊಳಗಿನ ಶತ್ರು ಕ್ಷೇಮವಾಗಿರುತ್ತಿದ್ದ.

ಪಿಂಕೆಲ್ ತಂಡ ಮೊದಲು ಕಡಿಮೆ ಪ್ರಮಾಣದ ವಿಕಿರಣ ಕೊಟ್ಟು ನೋಡಿತು. ಪ್ರಯೋಜನವಾಗಲಿಲ್ಲ. 1967ರಲ್ಲಿ ಆರಂಭಿಸಿದ ಐದನೇ ಅಧ್ಯಯನದಲ್ಲಿ ಇಡೀ ತಲೆಗೆ 24 ಗ್ರೇ ವಿಕಿರಣ ಕೊಟ್ಟು, ಜೊತೆಗೆ ಬೆನ್ನಿನ ಮೂಲಕ ಮೆಥೋಟ್ರೆಕ್ಸೇಟ್ ಚುಚ್ಚುಮದ್ದು ನೀಡಲಾಯಿತು. ಗ್ರೇ ಎಂಬುದು ಅಂಗಾಂಶ ಹೀರಿಕೊಂಡ ವಿಕಿರಣದ ಅಳತೆ. ಬ್ರಿಟಿಷ್ ಭೌತವಿಜ್ಞಾನಿ ಲೂಯಿಸ್ ಹೆರಾಲ್ಡ್ ಗ್ರೇ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಒಂದು ಗ್ರೇ ಅಂದರೆ ಹಳೆಯ ಲೆಕ್ಕದ 100 ರ್‍ಯಾಡ್. ಹಳೆಯ ಆಸ್ಪತ್ರೆ ಚೀಟಿಗಳಲ್ಲಿ 2400 ರ್‍ಯಾಡ್ ಎಂದಿದ್ದರೆ ಅದು ಇದೇ ಪ್ರಮಾಣ.

ಆ ಅಧ್ಯಯನದಲ್ಲಿ ಸೇರಿದ್ದು 35 ಮಕ್ಕಳು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ದೀರ್ಘಕಾಲ ಬದುಕಿದರು. ನೂರಕ್ಕೆ ನಾಲ್ಕು ಇದ್ದದ್ದು ಐವತ್ತರ ಹತ್ತಿರಕ್ಕೆ ಬಂದಿತ್ತು. 1970ರ ದಶಕದಲ್ಲಿ ಈ ಕ್ರಮ ಜಗತ್ತಿನ ನಾನಾ ದೇಶಗಳಿಗೆ ಹರಡಿತು. ತಲೆಗೆ ವಿಕಿರಣ ಎಂಬುದು ಚಿಕಿತ್ಸೆಯ ಖಾಯಂ ಅಂಗವಾಯಿತು. ಅದನ್ನು ಕೊಡದಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂಬುದನ್ನು ಇಂದು ಈ ಚಿಕಿತ್ಸೆಯ ದೋಷಗಳನ್ನು ಎಣಿಸುವಾಗ ಮರೆಯುವಂತಿಲ್ಲ.

ಬಟಾಣಿ ಗಾತ್ರದ ಗ್ರಂಥಿ

ತಲೆಬುರುಡೆಯ ತಳದಲ್ಲಿ, ಮೂಗಿನ ಬುಡದ ಹಿಂದೆ, ಕುದುರೆಯ ಜೀನಿನಂತೆ ಒಂದು ಪುಟ್ಟ ತಗ್ಗು ಇದೆ. ಅದರಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಕುಳಿತಿದೆ. ಅದರ ತೂಕ ಸುಮಾರು ಅರ್ಧ ಗ್ರಾಂ. ಮಗು ಎತ್ತರಕ್ಕೆ ಬೆಳೆಯಲು ಬೇಕಾದ ಬೆಳವಣಿಗೆ ಹಾರ್ಮೋನು ಇಲ್ಲಿಂದಲೇ ಒಸರಬೇಕು. ಆದರೆ ಈ ಗ್ರಂಥಿ ತನ್ನಿಚ್ಛೆಯಂತೆ ನಡೆಯುವುದಿಲ್ಲ. ಅದರ ಮೇಲ್ಭಾಗದಲ್ಲಿ, ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಭಾಗ ಅಪ್ಪಣೆ ಕೊಟ್ಟರೆ ಮಾತ್ರ ಹಾರ್ಮೋನು ಹೊರಬರುತ್ತದೆ. ಪಿಟ್ಯುಟರಿ ತೂಬಿದ್ದಂತೆ, ಹೈಪೊಥಾಲಮಸ್ ತೂಬು ಎತ್ತುವ ನೀರುಗಂಟಿಯಂತೆ.

ಕೆರೆಯ ನೀರನ್ನು ನೀರುಗಂಟಿ ಇಪ್ಪತ್ತನಾಲ್ಕು ಗಂಟೆಯೂ ಬಿಡುವುದಿಲ್ಲ. ಬೆಳವಣಿಗೆ ಹಾರ್ಮೋನು ಕೂಡ ಹಾಗೆಯೇ. ದಿನದ ಬಹು ಹೊತ್ತು ರಕ್ತದಲ್ಲಿ ಅದರ ಸುಳಿವೇ ಇರುವುದಿಲ್ಲ. ನಡುನಡುವೆ ಅಲೆಯಂತೆ ಒಮ್ಮೆ ಬಂದು ಹೋಗುತ್ತದೆ. ಮಗು ಗಾಢ ನಿದ್ರೆಗೆ ಜಾರಿದ ಮೇಲೆ ಬರುವ ಅಲೆ ಎಲ್ಲಕ್ಕಿಂತ ದೊಡ್ಡದು. ಅದು ಯಕೃತ್ತನ್ನು ತಲುಪಿ ಅಲ್ಲಿ ಐಜಿಎಫ್-1 ಎಂಬ ಇನ್ನೊಂದು ವಸ್ತುವನ್ನು ಹುಟ್ಟಿಸುತ್ತದೆ. ಇವೆರಡೂ ಸೇರಿ ಉದ್ದನೆಯ ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಮೃದ್ವಸ್ಥಿಯನ್ನು ಬೆಳೆಸುತ್ತವೆ. ನಾಲ್ಕು ವರ್ಷ ದಾಟಿದ ಆರೋಗ್ಯವಂತ ಮಗು ಪ್ರಾಯಕ್ಕೆ ಬರುವವರೆಗೆ ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುವುದು ಹೀಗೆ.

ಇಡೀ ತಲೆಗೆ ವಿಕಿರಣ ಕೊಡುವಾಗ ಈ ಜೋಡಿಯನ್ನು ಮರೆಮಾಡಲು ಸಾಧ್ಯವಿಲ್ಲ. ಇವು ಇರುವುದು ತಲೆಯ ನಟ್ಟನಡುವೆ, ಕ್ಯಾನ್ಸರ್ ಕಣಗಳು ಅಡಗಬಹುದಾದ ಪೊರೆಗಳ ಪಕ್ಕದಲ್ಲೇ. ವಿಕಿರಣದ ಪೆಟ್ಟು ಹೆಚ್ಚು ತಗಲುವುದು ಪಿಟ್ಯುಟರಿಗಿಂತ ಹೈಪೊಥಾಲಮಸ್‌ಗೆ. ತೂಬು ಸರಿಯಾಗಿಯೇ ಇರುತ್ತದೆ, ಅದನ್ನು ಎತ್ತುವ ನೀರುಗಂಟಿಯ ಕೈ ಸೋಲುತ್ತದೆ. ಪಿಟ್ಯುಟರಿಯಿಂದ ಹೊರಡುವ ಹಲವು ಹಾರ್ಮೋನುಗಳಲ್ಲಿ ವಿಕಿರಣಕ್ಕೆ ಮೊದಲು ಬಲಿಯಾಗುವುದು ಬೆಳವಣಿಗೆ ಹಾರ್ಮೋನೇ. ಲ್ಯುಕೇಮಿಯಾಕ್ಕೆ ಕೊಡುವ 18ರಿಂದ 24 ಗ್ರೇ ಪ್ರಮಾಣದಲ್ಲಿ ಸಾಮಾನ್ಯವಾಗಿ ಅದೊಂದೇ ಕುಂದುತ್ತದೆ. ಮಿದುಳಿನ ಗೆಡ್ಡೆಗಳಿಗೆ ಕೊಡುವ 30 ಗ್ರೇಗೂ ಮೀರಿದ ಪ್ರಮಾಣದಲ್ಲಿ ಥೈರಾಯ್ಡ್, ಅಡ್ರಿನಲ್ ಹಾಗೂ ಲೈಂಗಿಕ ಗ್ರಂಥಿಗಳನ್ನು ನಡೆಸುವ ಹಾರ್ಮೋನುಗಳಿಗೂ ಕುತ್ತು ಬರಬಹುದು.

ಅಳತೆಪಟ್ಟಿ ಹೇಳಿದ ಸತ್ಯ

ಬದುಕುಳಿಯುವವರೇ ಇಲ್ಲದಿದ್ದ ಕಾಲದಲ್ಲಿ ಅವರ ಎತ್ತರವನ್ನು ಯಾರೂ ಅಳೆಯಬೇಕಾಗಿರಲಿಲ್ಲ. 1970ರ ದಶಕದಲ್ಲಿ ಮಕ್ಕಳು ಗುಣವಾಗಿ ಶಾಲೆಗೆ ಹೋಗತೊಡಗಿದ ಮೇಲೆ ಪ್ರಶ್ನೆ ಎದ್ದಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸ್ಟೀಫನ್ ಶಾಲೆಟ್ ಮತ್ತು ಸಂಗಡಿಗರು ತಲೆಗೆ ವಿಕಿರಣ ಪಡೆದ ಮಕ್ಕಳನ್ನು ಪರೀಕ್ಷಿಸಿ, ಲ್ಯುಕೇಮಿಯಾದಿಂದ ಗುಣವಾದ ಮಕ್ಕಳಲ್ಲಿ ಬೆಳವಣಿಗೆ ಹಾರ್ಮೋನಿನ ಕೊರತೆ ಇರುವುದನ್ನು 1976ರಲ್ಲಿ ವರದಿ ಮಾಡಿದರು. ಮುಂದಿನ ಅಧ್ಯಯನಗಳಿಂದ ಇನ್ನಷ್ಟು ವಿಷಯಗಳು ಸ್ಪಷ್ಟವಾದವು. ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಹಾನಿ ಹೆಚ್ಚು. ಅದೇ ಪ್ರಮಾಣವನ್ನು ಕೆಲವೇ ದಿನಗಳಲ್ಲಿ ದೊಡ್ಡ ಕಂತುಗಳಲ್ಲಿ ಕೊಟ್ಟರೆ, ಹೆಚ್ಚು ದಿನ ಚಿಕ್ಕ ಕಂತುಗಳಲ್ಲಿ ಕೊಟ್ಟದ್ದಕ್ಕಿಂತ ಕೆಡುಕು ಜಾಸ್ತಿ. ಮಗು ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಕೊರತೆ ತಕ್ಷಣ ಕಾಣಿಸುವುದಿಲ್ಲ. ಕೆಲವರಲ್ಲಿ ಹಲವು ವರ್ಷಗಳ ನಂತರ ತಲೆದೋರುತ್ತದೆ.

ಇದರ ಪರಿಣಾಮವಾಗಿ ಅನೇಕ ಕೇಂದ್ರಗಳು ವಿಕಿರಣದ ಪ್ರಮಾಣವನ್ನು 24ರಿಂದ 18 ಗ್ರೇಗೆ ಇಳಿಸಿದವು. 18 ಗ್ರೇ ಪಡೆದವರ ಅಂತಿಮ ಎತ್ತರ 24 ಗ್ರೇ ಪಡೆದವರಿಗಿಂತ ಉತ್ತಮವಾಗಿರುವುದು 1990ರ ದಶಕದ ಅಧ್ಯಯನಗಳಲ್ಲಿ ಕಂಡುಬಂತು. ಆದರೂ ತೊಂದರೆ ಪೂರ್ತಿ ತಪ್ಪಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳಿಗೆ ನಷ್ಟ ಹೆಚ್ಚಾಗಿತ್ತು.

ಎತ್ತರ ಕುಂದಲು ಕಾರಣ ಹಾರ್ಮೋನು ಒಂದೇ ಅಲ್ಲ ಎಂಬುದೂ ಗಮನಾರ್ಹ. ಚಿಕಿತ್ಸೆ ನಡೆಯುತ್ತಿರುವಾಗ ಪ್ರೆಡ್ನಿಸೋನ್‌ನಂಥ ಸ್ಟಿರಾಯ್ಡ್‌ಗಳು ಮತ್ತು ಇತರ ಮದ್ದುಗಳು ಬೆಳವಣಿಗೆಯನ್ನು ನಿಧಾನಗೊಳಿಸುತ್ತವೆ. ವಿಕಿರಣ ಪಡೆಯದ ಮಗು ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಸರಸರನೆ ಬೆಳೆದು ಆ ಹಿನ್ನಡೆಯನ್ನು ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಳ್ಳದಿದ್ದರೆ ಅದೇ ಮೊದಲ ಎಚ್ಚರಿಕೆ. ಬೆನ್ನುಮೂಳೆಗೂ ವಿಕಿರಣ ಬಿದ್ದಿದ್ದರೆ ಮುಂಡದ ಭಾಗ ಗಿಡ್ಡವಾಗಿ ಉಳಿದು ಕೈಕಾಲು ಉದ್ದವಾಗಿ ಕಾಣುತ್ತವೆ. ಅದಕ್ಕೇ ವೈದ್ಯರು ಮಗುವನ್ನು ನಿಲ್ಲಿಸಿ ಅಳೆಯುವುದಲ್ಲದೆ ಕೂರಿಸಿಯೂ ಅಳೆಯುತ್ತಾರೆ.

ಮೋಸಗೊಳಿಸುವ ಬೆಳವಣಿಗೆ

ಈ ಕಥೆಯಲ್ಲಿ ಪಾಲಕರನ್ನು ದಾರಿತಪ್ಪಿಸುವ ಒಂದು ತಿರುವಿದೆ. ಹಾರ್ಮೋನುಗಳನ್ನು ಕುಂದಿಸುವ ವಿಕಿರಣವೇ ಕೆಲವು ಮಕ್ಕಳಲ್ಲಿ ಪ್ರಾಯವನ್ನು ಬೇಗ ತರುತ್ತದೆ. ಬಾಲ್ಯದಲ್ಲಿ ಪ್ರಾಯ ಬಾರದಂತೆ ಮಿದುಳು ಹಿಡಿದಿಟ್ಟಿರುವ ತಡೆ ವಿಕಿರಣದಿಂದ ಸಡಿಲವಾಗುವುದೇ ಇದಕ್ಕೆ ಕಾರಣ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಪ್ರಾಯ ಬಂದಾಗ ಮಗು ಒಮ್ಮೆಲೇ ಬೆಳೆಯುತ್ತದೆ. 'ನೋಡಿ, ಎಷ್ಟು ಚೆನ್ನಾಗಿ ಬೆಳೆಯುತ್ತಿದ್ದಾಳೆ' ಎಂದು ಮನೆಯವರು ಸಮಾಧಾನಪಡುತ್ತಾರೆ. ವಾಸ್ತವದಲ್ಲಿ ಆ ಮಗು ಪ್ರಾಯದ ಹಾರ್ಮೋನಿನ ಬಲದಿಂದ ಬೆಳೆಯುತ್ತಿದೆ, ಬೆಳವಣಿಗೆ ಹಾರ್ಮೋನಿನ ಕೊರತೆ ಅದರಡಿ ಮುಚ್ಚಿಹೋಗಿದೆ. ಪ್ರಾಯದ ಹಾರ್ಮೋನುಗಳು ಮೂಳೆಯ ತುದಿಯ ಮೃದ್ವಸ್ಥಿಯನ್ನು ಬೇಗ ಗಟ್ಟಿ ಮಾಡಿಬಿಡುತ್ತವೆ. ಒಮ್ಮೆ ಅದು ಮೂಳೆಯಾದರೆ ಮತ್ತೆ ಬೆಳೆಯುವ ಮಾತಿಲ್ಲ. ಹತ್ತನೇ ವರ್ಷದಲ್ಲಿ ತರಗತಿಗೇ ಎತ್ತರವಾಗಿದ್ದ ಹುಡುಗಿ ಹದಿನಾಲ್ಕಕ್ಕೆ ಎಲ್ಲರಿಗಿಂತ ಕುಳ್ಳಿಯಾಗಿ ನಿಲ್ಲುವುದು ಹೀಗೆ. ಹೆಣ್ಣುಮಕ್ಕಳಲ್ಲಿ 8 ವರ್ಷಕ್ಕೆ, ಗಂಡುಮಕ್ಕಳಲ್ಲಿ 9 ವರ್ಷಕ್ಕೆ ಮೊದಲೇ ಪ್ರಾಯದ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸಬೇಕು ಎನ್ನುವುದು ಇದಕ್ಕಾಗಿಯೇ. ಪ್ರಾಯವನ್ನು ಕೆಲವು ಕಾಲ ತಡೆದು ನಿಲ್ಲಿಸುವ ಚುಚ್ಚುಮದ್ದುಗಳಿವೆ. ಆದರೆ ಮೂಳೆ ಬಲಿಯುವ ಮೊದಲು ಕೊಟ್ಟರಷ್ಟೇ ಅವುಗಳಿಂದ ಉಪಯೋಗ.

ಪತ್ತೆ ಹೇಗೆ?

ಹಾರ್ಮೋನು ಅಲೆಯಂತೆ ಬಂದು ಹೋಗುವುದರಿಂದ ಯಾವಾಗಲೋ ಒಮ್ಮೆ ರಕ್ತ ತೆಗೆದು ನೋಡಿದರೆ ಏನೂ ತಿಳಿಯದು. ಕ್ಲೋನಿಡಿನ್, ಗ್ಲುಕಗಾನ್, ಆರ್ಜಿನಿನ್ ಅಥವಾ ಇನ್ಸುಲಿನ್ ಕೊಟ್ಟು ಗ್ರಂಥಿಯನ್ನು ಕೆಣಕಿ, ಆಮೇಲೆ ನಿಗದಿತ ಅವಧಿಗೊಮ್ಮೆ ರಕ್ತ ತೆಗೆದು ಪರೀಕ್ಷಿಸಬೇಕು. ಇನ್ಸುಲಿನ್ ಪರೀಕ್ಷೆಯಲ್ಲಿ ಸಕ್ಕರೆ ಅಂಶ ತೀರ ಇಳಿಯುವ ಅಪಾಯವಿರುವುದರಿಂದ ಅದನ್ನು ಅನುಭವಿ ವೈದ್ಯರ ಕಣ್ಗಾವಲಿನಲ್ಲೇ ಮಾಡುತ್ತಾರೆ. ವಿಕಿರಣ ಪಡೆದ ಮಕ್ಕಳಲ್ಲಿ ಐಜಿಎಫ್-1ರ ಮಟ್ಟ ಸರಿಯಾಗಿದ್ದರೂ ಹಾರ್ಮೋನಿನ ಕೊರತೆ ಇರಬಹುದು. ಆ ಒಂದು ಪರೀಕ್ಷೆಯನ್ನೇ ನಂಬಬಾರದೆಂದು ಅಮೆರಿಕದ ಎಂಡೊಕ್ರೈನ್ ಸೊಸೈಟಿ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೈಪೊಥಾಲಮಸ್‌ನ ಕೆಲಸವನ್ನು ಮದ್ದೇ ಮಾಡಿಬಿಡುವಂಥ ಪರೀಕ್ಷೆಗಳೂ ಇಲ್ಲಿ ಕೈಕೊಡುತ್ತವೆ. ನೀರುಗಂಟಿ ಹಾಸಿಗೆ ಹಿಡಿದಿರುವಾಗ ಬೇರೆಯವರು ತೂಬು ಎತ್ತಿ, 'ನೀರು ಬರುತ್ತಿದೆ, ಎಲ್ಲ ಸರಿ' ಎಂದಂತೆ ಅದು.

ಇದರ ಜೊತೆಗೆ ಎಡಗೈಯ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ತಿಳಿಯುತ್ತಾರೆ. ಆದರೆ ಇವೆಲ್ಲಕ್ಕೂ ಮೊದಲ ಸುಳಿವು ಕೊಡುವುದು ಒಂದು ಅಳತೆಪಟ್ಟಿ ಮತ್ತು ಒಂದು ಪುಸ್ತಕ. ಆರು ತಿಂಗಳಿಗೊಮ್ಮೆ ಬರೆದಿಟ್ಟ ಎತ್ತರ ಹೇಳುವುದನ್ನು ಎಷ್ಟೋ ವೇಳೆ ದುಬಾರಿ ಪರೀಕ್ಷೆಯೂ ಹೇಳಲಾರದು.

ಹೆಣದಿಂದ ಬ್ಯಾಕ್ಟೀರಿಯಾದವರೆಗೆ

ಕೊರತೆಯಾದ ಹಾರ್ಮೋನನ್ನು ಹೊರಗಿನಿಂದ ಕೊಡುವುದೇ ಚಿಕಿತ್ಸೆ. ಮಧುಮೇಹಕ್ಕೆ ದನ ಮತ್ತು ಹಂದಿಯ ಇನ್ಸುಲಿನ್ ಬಳಸಿದಂತೆ ಇಲ್ಲಿ ಮಾಡಲಾಗಲಿಲ್ಲ. ದನದ ಬೆಳವಣಿಗೆ ಹಾರ್ಮೋನು ಮನುಷ್ಯನ ಮೇಲೆ ಕೆಲಸ ಮಾಡುವುದಿಲ್ಲ. 1958ರಲ್ಲಿ ಬಾಸ್ಟನ್‌ನ ಮಾರಿಸ್ ರೇಬನ್ ಅವರು ಸತ್ತ ಮನುಷ್ಯರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನು ಕೊಟ್ಟು 17 ವರ್ಷದ ಕುಳ್ಳ ಹುಡುಗನೊಬ್ಬ ಬೆಳೆದುದನ್ನು ವರದಿ ಮಾಡಿದರು. ಆದರೆ ಒಂದು ಮಗುವಿನ ಚಿಕಿತ್ಸೆಗೆ ಡಜನ್‌ಗಟ್ಟಲೆ ಹೆಣಗಳ ಗ್ರಂಥಿ ಬೇಕಾಗುತ್ತಿತ್ತು. ಆದ್ದರಿಂದ ಹಲವು ದೇಶಗಳು ಶವಾಗಾರಗಳಿಂದ ಗ್ರಂಥಿಗಳನ್ನು ಸಂಗ್ರಹಿಸುವ ವ್ಯವಸ್ಥೆ ಮಾಡಿಕೊಂಡವು. ಅಮೆರಿಕವೊಂದರಲ್ಲೇ ಸುಮಾರು 7,700 ಮಂದಿ ಈ ಹಾರ್ಮೋನು ಪಡೆದರು.

1985ರಲ್ಲಿ ಸಿಡಿಲೆರಗಿತು. ಬಾಲ್ಯದಲ್ಲಿ ಈ ಚುಚ್ಚುಮದ್ದು ಪಡೆದಿದ್ದ ಯುವಕರು ಕ್ರುಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳು ಕ್ಷಯಿಸುವ ಕಾಯಿಲೆಯಿಂದ ಸಾಯುತ್ತಿರುವುದು ಬೆಳಕಿಗೆ ಬಂತು. ಯಾವುದೋ ಕೆಲವು ಹೆಣಗಳಲ್ಲಿದ್ದ ರೋಗಕಾರಕ ಪ್ರೋಟೀನು ಮದ್ದಿನೊಂದಿಗೆ ಬೆರೆತಿತ್ತು. ಅಮೆರಿಕ ಆ ವರ್ಷದ ಏಪ್ರಿಲ್‌ನಲ್ಲಿ ವಿತರಣೆ ನಿಲ್ಲಿಸಿತು. ಫ್ರಾನ್ಸ್‌ನಲ್ಲಿ ಈ ಕಾರಣದಿಂದ ವರ್ಷಗಳ ಅವಧಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೃಷ್ಟವೆಂದರೆ, ಮನುಷ್ಯನ ವಂಶವಾಹಿಯನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ ಹಾರ್ಮೋನು ತಯಾರಿಸುವ ವಿದ್ಯೆ ಆ ಹೊತ್ತಿಗೆ ಸಿದ್ಧವಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಬಳಕೆಯಲ್ಲಿರುವುದು ಹೀಗೆ ತಯಾರಿಸಿದ ಹಾರ್ಮೋನು. ಅದರಲ್ಲಿ ಆ ಹಳೆಯ ಅಪಾಯವಿಲ್ಲ.

ರಾತ್ರಿ ಮಲಗುವ ಮುನ್ನ ಚರ್ಮದಡಿ ಸಣ್ಣ ಸೂಜಿಯಲ್ಲಿ ಕೊಡುವ ಈ ಚುಚ್ಚುಮದ್ದನ್ನು ಮೂಳೆ ಬೆಳೆಯುವಷ್ಟು ಕಾಲ, ಅಂದರೆ ವರ್ಷಗಟ್ಟಲೆ ಮುಂದುವರಿಸಬೇಕು. ಖರ್ಚು ಹೆಚ್ಚು. ವಿಕಿರಣದಿಂದ ಕೊರತೆಯಾದ ಮಕ್ಕಳು ಹುಟ್ಟಿನಿಂದಲೇ ಕೊರತೆಯಿರುವ ಮಕ್ಕಳಷ್ಟು ಬೆಳೆಯಲಾರರು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೂ ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು.

ಕ್ಯಾನ್ಸರ್ ಮರಳೀತೇ?

ಪಾಲಕರ ಎದೆಯಲ್ಲಿ ಮೊದಲು ಏಳುವ ಪ್ರಶ್ನೆ ಇದು. ಮೂಳೆಯನ್ನು ಬೆಳೆಸುವ ಹಾರ್ಮೋನು ಎಲ್ಲೋ ಉಳಿದ ಕ್ಯಾನ್ಸರ್ ಕಣವನ್ನೂ ಬೆಳೆಸಿಬಿಟ್ಟರೆ? ಭಯ ಅಸಹಜವಲ್ಲ. ವೈದ್ಯರಿಗೂ ಅದೇ ಅಂಜಿಕೆ ಇತ್ತು. ಉತ್ತರ ದೊರೆತದ್ದು ಅಮೆರಿಕ ಮತ್ತು ಕೆನಡಾದಲ್ಲಿ 1994ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದರಿಂದ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದ ಸಾವಿರಾರು ಜನರನ್ನು ಅದು ದಶಕಗಳ ಕಾಲ ಹಿಂಬಾಲಿಸಿದೆ. ಅವರ ಪೈಕಿ ಬೆಳವಣಿಗೆ ಹಾರ್ಮೋನು ಪಡೆದ 361 ಮಂದಿಯ ವಿವರ 2002ರಲ್ಲಿ ಪ್ರಕಟವಾಯಿತು. ಮೊದಲಿನ ಕ್ಯಾನ್ಸರ್ ಮರಳುವ ಸಂಭವ ಅವರಲ್ಲಿ ಹೆಚ್ಚಿರಲಿಲ್ಲ. ಬೇರೊಂದು ಗೆಡ್ಡೆ ಕಾಣಿಸಿಕೊಳ್ಳುವ ಸಂಭವ ಅಲ್ಪ ಪ್ರಮಾಣದಲ್ಲಿ ಹೆಚ್ಚಿರುವಂತೆ ಮೊದಲು ತೋರಿತು. ಮಿದುಳಿನ ಗೆಡ್ಡೆಗಳ ಮಟ್ಟಿಗೆ ಆ ಶಂಕೆಗೆ ಆಧಾರ ಸಿಗಲಿಲ್ಲವೆಂದು 2014ರ ವಿಶ್ಲೇಷಣೆ ಹೇಳಿತು. ಆದರೂ ಎಚ್ಚರಿಕೆಗಾಗಿ, ಕ್ಯಾನ್ಸರ್ ಚಿಕಿತ್ಸೆ ಮುಗಿದು ಕನಿಷ್ಠ ಒಂದು ವರ್ಷ ಮಗು ರೋಗಮುಕ್ತವಾಗಿದ್ದರಷ್ಟೇ ಹಾರ್ಮೋನು ಆರಂಭಿಸುವುದು ವಾಡಿಕೆ.

ಎತ್ತರವೊಂದೇ ಇಲ್ಲಿನ ವಿಷಯವಲ್ಲ. ಬೆಳವಣಿಗೆ ನಿಂತ ಮೇಲೂ ಈ ಹಾರ್ಮೋನು ಮೈಗೆ ಬೇಕು. ಕೊರತೆಯಿದ್ದವರಲ್ಲಿ ಸ್ನಾಯು ಕಡಿಮೆಯಾಗಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಮೂಳೆಯ ಗಟ್ಟಿತನ ಕುಗ್ಗುತ್ತದೆ, ರಕ್ತದಲ್ಲಿ ಕೊಬ್ಬಿನಂಶ ಏರುಪೇರಾಗುತ್ತದೆ.

ಹಿಂದೆ ಸರಿದ ವಿಕಿರಣ

ತಲೆಗೆ ವಿಕಿರಣ ಕೊಡುವ ಕ್ರಮ ಆರಂಭವಾದ ಆಸ್ಪತ್ರೆಯಿಂದಲೇ ಅದನ್ನು ಕೈಬಿಡುವ ಸುದ್ದಿಯೂ ಬಂದುದು ಚರಿತ್ರೆಯ ಚೋದ್ಯ. 2000ದಿಂದ 2007ರವರೆಗೆ ಸೇಂಟ್ ಜೂಡ್ ನಡೆಸಿದ ಹದಿನೈದನೇ ಅಧ್ಯಯನದಲ್ಲಿ 498 ಮಕ್ಕಳಿಗೆ ತಡೆಗಟ್ಟುವಿಕೆಯ ಸಲುವಾಗಿ ತಲೆಗೆ ವಿಕಿರಣ ಕೊಡಲೇ ಇಲ್ಲ. ಬದಲಿಗೆ ಮದ್ದುಗಳನ್ನೇ ಎಚ್ಚರದಿಂದ ಹೊಂದಿಸಿ, ಬೆನ್ನಿನ ಮೂಲಕವೂ ಕೊಡಲಾಯಿತು. ಐದು ವರ್ಷಗಳ ನಂತರ ಶೇ 93ಕ್ಕೂ ಹೆಚ್ಚು ಮಕ್ಕಳು ಬದುಕಿದ್ದರು. 2009ರಲ್ಲಿ ಪ್ರಕಟವಾದ ಈ ಫಲಿತಾಂಶದ ನಂತರ ವಿಕಿರಣ ಇನ್ನಷ್ಟು ಹಿಂದೆ ಸರಿದಿದೆ. ಡೊನಾಲ್ಡ್ ಪಿಂಕೆಲ್ 2022ರಲ್ಲಿ ನಿಧನರಾದರು. ತಾವು ತೆರೆದ ದಾರಿ ಇನ್ನೂ ಒಳ್ಳೆಯ ದಾರಿಗೆ ಸೇರಿದ್ದನ್ನು ನೋಡುವಷ್ಟು ಕಾಲ ಅವರು ಬದುಕಿದ್ದರು.

ಭಾರತದಲ್ಲಿ 1984ರಲ್ಲಿ ಮುಂಬೈ, ಚೆನ್ನೈ, ದೆಹಲಿಯ ಮೂರು ಪ್ರಮುಖ ಕ್ಯಾನ್ಸರ್ ಕೇಂದ್ರಗಳು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊತೆಗೂಡಿ ಎಂಸಿಪಿ-841 ಎಂಬ ಚಿಕಿತ್ಸಾಕ್ರಮ ಆರಂಭಿಸಿದವು. ತಲೆಗೆ ವಿಕಿರಣ ಅದರ ಅಂಗವಾಗಿತ್ತು. ಅದರಿಂದ ಗುಣವಾಗುವ ಮಕ್ಕಳ ಪ್ರಮಾಣ ಅರ್ಧದ ಆಸುಪಾಸಿಗೆ ಏರಿತು. ಆ ಮಕ್ಕಳು ಇಂದು ಮೂವತ್ತು, ನಲವತ್ತು ದಾಟಿದವರು. ಈಗ ನಮ್ಮಲ್ಲೂ ಹೆಚ್ಚಿನ ಮಕ್ಕಳಿಗೆ ವಿಕಿರಣ ತಪ್ಪಿಸುವ ಪ್ರಯತ್ನ ನಡೆದಿದೆ. ಆದರೆ ಕಾಯಿಲೆ ಮಿದುಳಿಗೆ ಹಬ್ಬಿದ್ದರೆ, ಅಪಾಯ ಹೆಚ್ಚಿನ ಬಗೆಯದಾಗಿದ್ದರೆ ಅಥವಾ ಮಜ್ಜೆಯ ಕಸಿಗೆ ಮುನ್ನ ಇಡೀ ಮೈಗೆ ವಿಕಿರಣ ಬೇಕಾದರೆ, ಅದು ಇಂದಿಗೂ ಅನಿವಾರ್ಯವಾಗಬಹುದು.

ಗುಟ್ಟು ಬೇಡ, ಚೀಟಿ ಬೇಕು

ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲೆಲ್ಲಿಂದಲೋ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಿಗೆ ಮಗುವನ್ನು ಹೊತ್ತು ಬರುವ ಕುಟುಂಬಗಳಿಗೆ ಚಿಕಿತ್ಸೆ ಮುಗಿದ ದಿನವೇ ಹಬ್ಬ. ಸಾಲ ತೀರಿಸಬೇಕು, ಕೂಲಿಗೆ ಮರಳಬೇಕು. ವರ್ಷ ಕಳೆದಂತೆ ಆಸ್ಪತ್ರೆಗೆ ಬರುವುದು ತಪ್ಪುತ್ತದೆ. ಕಾಯಿಲೆಯ ಹೆಸರನ್ನು ಹೇಳದಿರುವುದೂ ವಾಡಿಕೆ. ಹೆಣ್ಣುಮಗುವಾದರೆ ಮುಂದೆ ಸಂಬಂಧ ಕೂಡಿಬರುವುದೋ ಇಲ್ಲವೋ ಎಂಬ ಅಳುಕು. ಹಾಗಾಗಿ ಶಾಲೆಯ ಮೇಷ್ಟರಿಗೂ ಗೊತ್ತಿಲ್ಲ, ಊರಿನ ಡಾಕ್ಟರಿಗೂ ಗೊತ್ತಿಲ್ಲ. ಮಗು ಯಾಕೆ ಬೆಳೆಯುತ್ತಿಲ್ಲ ಎಂದು ಕೇಳಿದರೆ 'ವಂಶವೇ ಕುಳ್ಳು' ಎಂಬ ಉತ್ತರ ಬರುತ್ತದೆ. ಎತ್ತರ ಹೆಚ್ಚಿಸುತ್ತದೆಂದು ಜಾಹೀರಾತಿನಲ್ಲಿ ಹೇಳುವ ಪುಡಿ, ಮಾತ್ರೆಗಳಿಗೆ ಹಣ ಹೋಗುತ್ತದೆ. ಅವುಗಳಿಂದ ಹಾರ್ಮೋನಿನ ಕೊರತೆ ನೀಗುವುದಿಲ್ಲ. ಇತ್ತ ಮೂಳೆಗಳು ಬಲಿಯುವ ಗಡುವು ಸದ್ದಿಲ್ಲದೆ ಸಮೀಪಿಸುತ್ತಿರುತ್ತದೆ.

ಮಾಡಬೇಕಾದ ಕೆಲಸಗಳು ಸರಳ. ಚಿಕಿತ್ಸೆ ಮುಗಿದಾಗ ಯಾವ ಮದ್ದು, ತಲೆಗೆ ಎಷ್ಟು ಗ್ರೇ ವಿಕಿರಣ, ಯಾವ ವಯಸ್ಸಿನಲ್ಲಿ ಎಂಬುದನ್ನು ಆಸ್ಪತ್ರೆಯಿಂದ ಬರೆಸಿಕೊಂಡು, ಜಮೀನಿನ ಪತ್ರದಷ್ಟೇ ಜೋಪಾನವಾಗಿ ಇಡಬೇಕು. ಆರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದಿಡಬೇಕು. ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ, ಪ್ರಾಯ ತೀರ ಬೇಗ ಬಂದರೆ, ಮಕ್ಕಳ ಹಾರ್ಮೋನು ತಜ್ಞರಿಗೆ ತೋರಿಸಬೇಕು. ಬಾಲ್ಯದಲ್ಲಿ ಕಾಯಿಲೆ ಗೆದ್ದು ಈಗ ದೊಡ್ಡವರಾದವರೂ ತಮ್ಮ ವೈದ್ಯರಿಗೆ ಆ ಹಳೆಯ ಕಥೆಯನ್ನು ಹೇಳಬೇಕು.

ಹಾರ್ಮೋನು ಕೊಡಬೇಕೆ ಬೇಡವೆ ಎಂಬುದು ಖರ್ಚು, ಲಾಭ, ಮಗುವಿನ ಇಷ್ಟ ಎಲ್ಲವನ್ನೂ ತೂಗಿ ಮಾಡುವ ತೀರ್ಮಾನ. ಬೇಡವೆಂದು ತೀರ್ಮಾನಿಸುವ ಕುಟುಂಬಗಳೂ ಇವೆ, ಅದು ತಪ್ಪೂ ಅಲ್ಲ. ಆದರೆ ತಿಳಿದು ಬೇಡವೆನ್ನುವುದು ಬೇರೆ, ತಿಳಿಯದೆ ಅವಕಾಶ ಕೈತಪ್ಪುವುದು ಬೇರೆ. ಪ್ರಾರ್ಥನೆಯ ಮೊದಲ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಆ ಹುಡುಗ ಸಾವಿನೊಡನೆ ಸೆಣಸಿ ಬಂದವನು. ತಾನು ಯಾಕೆ ಅಲ್ಲೇ ನಿಂತಿದ್ದೇನೆ ಎಂಬುದನ್ನು ಇನ್ನೂ ಕಾಲ ಮಿಂಚದಿರುವಾಗಲೇ ಅವನಿಗೆ ಯಾರಾದರೂ ಹೇಳಬೇಕು.